ನಾಗಲಿಂಗನ ಬಲಗಾಲು

ಕಸ್ತೂರಿ ಬಡಿಗೇರ ಜಗಳ ಬಿಟ್ಟು ನಾಲ್ಕು ವರ್ಷವಾಗಿತ್ತು. ಸಿಗರೇಟು ಬಿಟ್ಟವರನ್ನು, ಸಾರಾಯಿ ಬಿಟ್ಟವರನ್ನು ಜನ ಹೊಗಳುತ್ತಾರೆ. ಜಗಳ ಬಿಟ್ಟವಳ ಕಷ್ಟ ಯಾರಿಗೂ ಬೇಕಿಲ್ಲ. ಮೊದಲು ಆಕೆ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಫುಟ್‌ಬೋರ್ಡಿನ ಮೇಲೆ ಜೋತುಬಿದ್ದ ಕಾಲೇಜು ಹುಡುಗರನ್ನು ಕೈ ತಾಗಿಸದೆ, ಬರೀ ದನಿಯಿಂದ ಒಳಗೆ ತಳ್ಳುತ್ತಿದ್ದಳು. ಆ ದನಿ ಈಗ ಗಂಟಲೊಳಗೇ ಕೊಳೆಯುತ್ತಿತ್ತು. ತರಕಾರಿಯವಳು ಹುಳುಕು ಬದನೆಕಾಯಿ ಚೀಲಕ್ಕೆ ತುರುಕಿದರೆ ನಗಬೇಕು. ಮೇಲಿನ ಮನೆಯ ಸುಮಿತ್ರಾಬಾಯಿ ಒಣಗಿದ ಬಟ್ಟೆಯ ಮೇಲೆ ನೀರು ಸುರಿದರೆ ಅದಕ್ಕೂ ನಗಬೇಕು.

ಏಕೆಂದರೆ ಹಜಾರದ ಗೋಡೆಗೆ ಅಂಗೈಯಗಲದ ಒಂದು ಬಿಳಿ ಡಬ್ಬಿ ಬಡಿದಿದ್ದರು. ಅದರಲ್ಲೊಂದು ಹಸಿರು ದೀಪ. ಮನೆಯಲ್ಲಿ ದನಿ ಏರಿದರೆ ದೀಪ ಹಳದಿಯಾಗುತ್ತಿತ್ತು, ಇನ್ನೂ ಏರಿದರೆ ಕೆಂಪು. ಕೆಂಪಾದ ಕೂಡಲೇ ಮಿತ ಇಂಧನ ಕೇಂದ್ರದಿಂದ ಫೋನು ಬರುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಆಕೆಯ ಗಂಡನ ಬಲಗಾಲು. ರಾಜ್ಯದ ಸಣ್ಣ ಕಾರುಗಳೆಲ್ಲ ಆ ಒಂದು ಕಾಲಿನಿಂದಲೇ ಓಡುತ್ತಿದ್ದವು.

ಎಣ್ಣೆ ಹಡಗುಗಳು ಬರುವುದು ಕಡಿಮೆಯಾದ ಕಾಲದ ಮಾತು. ಇದ್ದ ಪೆಟ್ರೋಲಿನಲ್ಲಿ ಇನ್ನಷ್ಟು ದೂರ ಹೋಗುವುದು ಹೇಗೆ ಎಂದು ಕೇಂದ್ರದವರು ಒಂದೊಂದೇ ಕಾರಣವನ್ನು ಹಿಡಿದು ತಿದ್ದಿದರು. ಟೈರಿನಲ್ಲಿ ಗಾಳಿ ಕಡಿಮೆಯಿದ್ದರೆ ಗಾಡಿ ಶುರುವೇ ಆಗದಂತೆ ಮಾಡಿದರು. ಗಾಳಿಗೆ ಅಡ್ಡ ನಿಲ್ಲುವ ಮೇಲಿನ ಕ್ಯಾರಿಯರುಗಳನ್ನು ಕಿತ್ತರು. ಡಿಕ್ಕಿಯಲ್ಲಿ ವರ್ಷಗಟ್ಟಲೆ ಮಲಗಿದ್ದ ಹಳೇ ಬ್ಯಾಟರಿ, ಸಿಮೆಂಟು ಚೀಲ, ಅತ್ತೆಮನೆಯ ಒನಕೆ ಎಲ್ಲ ಹೊರಬಿದ್ದವು. ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ಆರುವಂತಾಯಿತು. ಏಸಿಗೆ ಮಿತಿ ಬಂತು. ಇಷ್ಟು ಮಾಡಿದರೂ ಅದೇ ಕಾರು, ಅದೇ ರಸ್ತೆ, ಅದೇ ಭಾರ ಕೊಟ್ಟು ಇಬ್ಬರನ್ನು ಕೂರಿಸಿದರೆ ಇಬ್ಬರದೂ ಬೇರೆ ಬೇರೆ ಮೈಲೇಜು. ಒಬ್ಬ ಹೆಂಡತಿಯ ಮೇಲಿನ ಸಿಟ್ಟನ್ನು ಆಕ್ಸಿಲರೇಟರಿನ ಮೇಲೆ ತೀರಿಸುತ್ತಾನೆ, ಇನ್ನೊಬ್ಬ ಮುಂದಿನವನ ಮೇಲಿನ ಸಿಟ್ಟನ್ನು ಬ್ರೇಕಿನ ಮೇಲೆ. ಎಲ್ಲ ತಿದ್ದಿದ ಮೇಲೆ ಉಳಿದ ಕಾರಣ ಒಂದೇ: ಓಡಿಸುವವನ ಮನಸ್ಸು. ಅದನ್ನು ತಿದ್ದುವ ಪಾನಾ ಯಾವ ಗ್ಯಾರೇಜಿನಲ್ಲೂ ಇರಲಿಲ್ಲ.

ಆಗ ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವಿನುತಾ ತೊರವಿಗೆ ಹೊಳೆದದ್ದು ಇದು. ಎಲ್ಲರ ಮನಸ್ಸನ್ನು ತಿದ್ದುವ ಬದಲು ಒಬ್ಬನ ಕಾಲನ್ನು ಎಲ್ಲರಿಗೂ ಹಂಚಿದರೆ? ಪೆಡಲಿನ ಹಿಂದೆ ಹೆಬ್ಬೆರಳು ಗಾತ್ರದ ಒಂದು ಮೋಟಾರು. ಈ ಏರಿನಲ್ಲಿ, ಈ ಭಾರದಲ್ಲಿ, ಈ ಗಾಳಿಯಲ್ಲಿ ಆ ಉತ್ತಮ ಚಾಲಕ ಎಷ್ಟು ಒತ್ತುತ್ತಿದ್ದನೋ ಅಷ್ಟೇ ಒತ್ತಲು ಅದು ಬಿಡುತ್ತದೆ. ಹೆಚ್ಚು ಒತ್ತಿದರೆ ಪೆಡಲು ವಾಪಸು ತಳ್ಳುತ್ತದೆ. ಮೊದಮೊದಲು ತುರ್ತಿಗೆಂದು ಒಂದು ಕೆಂಪು ಗುಂಡಿಯನ್ನೂ ಇಟ್ಟಿದ್ದರು. ಮೊದಲ ವಾರದಲ್ಲೇ ಇಡೀ ರಾಜ್ಯ ಆ ಗುಂಡಿ ಒತ್ತಿಕೊಂಡೇ ಓಡಾಡಿತು. ಎಲ್ಲರಿಗೂ ಅವಸರವೇ. ಗುಂಡಿ ಕಿತ್ತುಹಾಕಿದರು. ಆಂಬುಲೆನ್ಸು, ಬಸ್ಸು, ಲಾರಿಗಳಿಗೆ ಮಾತ್ರ ವಿನಾಯಿತಿ ಉಳಿಯಿತು.

ಆ ಉತ್ತಮ ಚಾಲಕನನ್ನು ಹುಡುಕಲು ಸ್ಪರ್ಧೆ ನಡೆದಾಗ ಗೆದ್ದವನು ಧಾರವಾಡದ ಟ್ಯಾಕ್ಸಿ ಡ್ರೈವರ್ ನಾಗಲಿಂಗ. "ಗಾಡಿ ಎಷ್ಟು ಕೊಡ್ತೈತಿ?" ಎಂದು ಸ್ಟ್ಯಾಂಡಿನಲ್ಲಿ ಕೇಳಿದವರಿಗೆ ಅವನು ಹೇಳುತ್ತಿದ್ದ ಅಂಕಿಯನ್ನು ಯಾರೂ ನಂಬುತ್ತಿರಲಿಲ್ಲ. ಕೇಂದ್ರದವರು ಅಳೆದು ನೋಡಿ ನಂಬಿದರು. ದಿಬ್ಬದ ನೆತ್ತಿ ಇನ್ನೂ ತುಸು ದೂರವಿರುವಾಗಲೇ ಅವನ ಕಾಲು ಮೇಲೇಳುತ್ತಿತ್ತು. ಗಾಡಿ ತನ್ನ ಓಟದಲ್ಲೇ ನೆತ್ತಿ ದಾಟಿ ಇಳಿಯುತ್ತಿತ್ತು. ಇದನ್ನು ಎಲ್ಲಿ ಕಲಿತಿರಿ ಎಂದು ತೊರವಿ ಮೇಡಂ ಕೇಳಿದಾಗ ನಾಗಲಿಂಗ ನಾಚಿಕೊಂಡು ಹೇಳಿದ್ದ:

"ನಮ್ಮ ಉಸ್ತಾದ್ ಇಮಾಮಸಾಬ್ರು ಕಲಿಸಿದ್ದರಿ. ಗುಡಿ ಬರಲಿ, ದರ್ಗಾ ಬರಲಿ, ಕಾಲು ಎತ್ತಿ ಎದಿಮ್ಯಾಲ ಕೈ ಇಟ್ಟು ಮುಂದ ಹೋಗಬೇಕಂತಿದ್ರು. ನಮ್ಮ ದಾರಿಯಾಗ ಗುಡಿ-ದರ್ಗಾ ಎಲ್ಲಾ ದಿಬ್ಬದ ತಲಿಮ್ಯಾಲ ಅದಾವಲ್ರಿ."

ಹಿಂದೆ ಏರು ಹತ್ತಿದ ಎತ್ತುಗಳು ಅಲ್ಲಿಯೇ ದಣಿವಾರಿಸಿಕೊಳ್ಳುತ್ತಿದ್ದವು. ದೇವರೂ ಅಲ್ಲಿಯೇ ನೆಲೆಯಾಗಿದ್ದ. ಮೇಡಂ ನಕ್ಕರು, ಆದರೆ ಬರೆದುಕೊಂಡರು. ಅಂದಿನಿಂದ ಬೀದರಿನಿಂದ ಚಾಮರಾಜನಗರದವರೆಗೆ ಎಲ್ಲ ಜಾತಿಯ, ಎಲ್ಲ ಧರ್ಮದ, ದೇವರನ್ನೇ ನಂಬದ ಚಾಲಕನ ಕಾರೂ ಪ್ರತಿ ದಿಬ್ಬದ ತುದಿಯಲ್ಲಿ ಒಂದು ಗಳಿಗೆ ಕಾಲೆತ್ತಿ ಮುಂದೆ ಹೋಗತೊಡಗಿತು.

ಒಮ್ಮೆ ಕಾಲಿನ ಅಚ್ಚು ತೆಗೆದುಕೊಂಡು ಸಾಕೆಂದು ಬಿಟ್ಟಿದ್ದರೆ ಕಸ್ತೂರಿಯ ಬದುಕು ಹೀಗಾಗುತ್ತಿರಲಿಲ್ಲ. ಪೆಟ್ರೋಲಿಗೆ ಬೆರೆಸುವ ಕಬ್ಬಿನ ಸ್ಪಿರಿಟ್ಟು ದಿನಕ್ಕೊಂದು ಪ್ರಮಾಣ. ನಿನ್ನೆಯ ಕಾಲು ಇವತ್ತಿನ ಪೆಟ್ರೋಲಿಗೆ ಒಗ್ಗುತ್ತಿರಲಿಲ್ಲ. ಹಾಗಾಗಿ ದಿನಾ ಬೆಳಗ್ಗೆ ನಾಗಲಿಂಗ ಕಲಘಟಗಿ ದಾರಿಯಲ್ಲಿ ಕೇಂದ್ರದ ಕಾರು ಓಡಿಸಬೇಕು, ಅವನ ಅಂದಿನ ಕಾಲು ಅಂದೇ ಎಲ್ಲ ಕಾರುಗಳಿಗೂ ಹೋಗಬೇಕು. ಕಾಲಿನ ಜೊತೆಗೆ ಅವನ ಅಂದಿನ ಮನಸ್ಸೂ ಹೋಗುತ್ತದೆ ಎಂಬುದು ಮೊದಲ ವರ್ಷ ಯಾರ ತಲೆಗೂ ಬಂದಿರಲಿಲ್ಲ.

ಅದು ಗೊತ್ತಾದದ್ದು ಕಸ್ತೂರಿಯಿಂದಲೇ. ಗದಗಿನಲ್ಲಿ ತಂಗಿಯ ಮನೆ ಒಕ್ಕಲಿಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟು ನಾಗಲಿಂಗ ಮರೆತುಬಿಟ್ಟಿದ್ದ. ಕಸ್ತೂರಿ ಬೆಳಗಿನ ಚಹಾದ ಹೊತ್ತಿಗೆ ಅವನ ಏಳು ತಲೆಮಾರನ್ನೂ ಬಸ್ಸು ಹತ್ತಿಸಿ ಇಳಿಸಿದಳು. ಅವನು ಚಹಾ ಬಿಟ್ಟು ಕೆಲಸಕ್ಕೆ ಹೋದ. ಮೂರನೆಯ ದಿನ ಕೇಂದ್ರದಿಂದ ಕಾರು ಬಂದು ಆಕೆಯನ್ನು ಕರೆದೊಯ್ದಿತು.

ನಿಯಂತ್ರಣ ಕೊಠಡಿಯ ಗೋಡೆಯ ತುಂಬ ರಾಜ್ಯದ ನಕ್ಷೆ ಹೊಳೆಯುತ್ತಿತ್ತು. ಹಸಿರು ಗೆರೆಗಳೆಲ್ಲ ರಸ್ತೆಗಳು. ತೊರವಿ ಮೇಡಂ ಏನೋ ಒತ್ತಿದರು. ನಕ್ಷೆಯಿಡೀ ಕೆಂಪಾಯಿತು.

"ಇದು ಮೊನ್ನೆ ಬೆಳಿಗ್ಗೆ ನೀವು ಆಡಿದ ಜಗಳ, ಕಸ್ತೂರಿಯವರ," ಎಂದರು ಮೇಡಂ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

ಅಂದು ರಾಜ್ಯದ ಕಾರುಗಳೆಲ್ಲ ಮುಗ್ಗರಿಸುತ್ತ, ನುಗ್ಗುತ್ತ ಓಡಿದ್ದವು. ಸಂಜೆಯೊಳಗೆ ಪಂಪುಗಳು ಬರಿದಾಗಿದ್ದವು. ಮೇಡಂ ಒಂದು ಚಿತ್ರ ತೋರಿಸಿದರು. ಹೊಸದುರ್ಗದ ಬಳಿ ಎಲ್ಲೋ ಬಯಲಿನಲ್ಲಿ ನಿಂತ ಒಂದು ಕಾರು, ಪಕ್ಕದಲ್ಲಿ ರಸ್ತೆಯ ಅಂಚಿಗೆ ಕೂತ ಬಾಣಂತಿ, ಮಡಿಲಲ್ಲಿ ಟವೆಲು ಸುತ್ತಿದ ಕೂಸು. ಆಕೆ ಬೆಳಗಾಗುವವರೆಗೆ ಅಲ್ಲಿಯೇ ಕೂತಿದ್ದಳಂತೆ. ಕಸ್ತೂರಿ ಬಹಳ ಹೊತ್ತು ಆ ಚಿತ್ರ ನೋಡಿದಳು. ಮರುವಾರ ಗೋಡೆಗೆ ಡಬ್ಬಿ ಬಂತು, ಕಂಡಕ್ಟರ್ ಕೆಲಸ ಹೋಯಿತು. ನಾಗಲಿಂಗನ ಫೋನನ್ನು ಕೇಂದ್ರದವರು ಇಟ್ಟುಕೊಂಡರು. ಅವನ ಕಿವಿಗೆ ಏನು ಬೀಳಬೇಕಾದರೂ ಕಸ್ತೂರಿಯನ್ನು ದಾಟಿಯೇ ಬೀಳಬೇಕು ಎಂದಾಯಿತು. ಡಬ್ಬಿಯನ್ನು ಆಕೆ ಯಾವಾಗ ಬೇಕಾದರೂ ಒಡೆದು ಹಾಕುತ್ತಿದ್ದಳು; ಅವಳನ್ನು ಕಟ್ಟಿಹಾಕಿದ್ದು ಆ ಬಾಣಂತಿ.

ಹೀಗಿರುವಾಗ ಒಂದು ಸೋಮವಾರ ಹಸೀನಾಳ ಫೋನು ಬಂತು. ಹಸೀನಾ ಇಮಾಮಸಾಬರ ಮಗಳು; ನಾಗಲಿಂಗ ಅವಳಿಗೆ ಅಣ್ಣ, ಕಸ್ತೂರಿ ವೈನಿ, ಅಂದರೆ ಅತ್ತಿಗೆ. ಕಲಘಟಗಿಯ ಆಚೆ ಗಂಜಿಗಟ್ಟಿಯಲ್ಲಿ ತಂದೆಯನ್ನು ನೋಡಿಕೊಂಡಿದ್ದಳು.

"ಅಬ್ಬಾಗ ಆರಾಮಿಲ್ಲ ವೈನಿ. ಡಾಕ್ಟರ್ ಕೈ ಬಿಟ್ಟಾರ. ಕಣ್ಣು ತೆರದಾಗೊಮ್ಮೆ 'ನಾಗ್ಯಾ ಬಂದನೇನ' ಅಂತ ಕೇಳಾಕತ್ತಾರ. ಅಣ್ಣನ್ನ ಒಮ್ಮೆ ಕಳಸ್ರಿ."

ಕಸ್ತೂರಿ ನೇರ ಕೇಂದ್ರಕ್ಕೆ ಹೋದಳು. ನಿಯಂತ್ರಣ ಕೊಠಡಿಯಲ್ಲಿ ಅಂದು ಯಾರೂ ಕೂತಿರಲಿಲ್ಲ, ಎಲ್ಲರೂ ನಿಂತೇ ಇದ್ದರು. ಬರಬೇಕಾದ ಹಡಗು ಬಂದಿರಲಿಲ್ಲ. ಬಸ್ಸುಗಳ ಅರ್ಧ ಟ್ರಿಪ್ಪು ರದ್ದಾಗಿದ್ದವು. ತೊರವಿ ಮೇಡಂ ಆಕೆಯ ಮಾತು ಪೂರ್ತಿ ಕೇಳಿದರು.

"ಈ ವಾರ ಬ್ಯಾಡ್ರಿ," ಎಂದರು. "ಈ ವಾರ ಅವರ ಕಾಲು ಸ್ವಲ್ಪ ನಡುಗಿದರೂ ಎಷ್ಟು ಮಂದಿ ದಾರಿಯಾಗ ಬೀಳ್ತಾರ ನಿಮಗ ಗೊತ್ತೈತಿ. ಹಡಗು ಬರಲಿ. ನಾನ ಕರಕೊಂಡು ಹೋಗ್ತೀನಿ."

"ಅಲ್ಲೀತನಕ ಜೀವ ನಿಲ್ಲಬೇಕಲ್ರಿ, ಮೇಡಂ?"

ಮೇಡಂ ನಕ್ಷೆಯ ಕಡೆ ತಿರುಗಿದರು.

ಅಂದು ಊಟಕ್ಕೆ ಕೂತಾಗ ನಾಗಲಿಂಗ ಎಂದಿನಂತೆ ಕೇಳಿದ: "ಉಸ್ತಾದ್ರ ಫೋನ್ ಬಂದಿತ್ತೇನ? ಭಾಳ ದಿನಾ ಆತು."

"ಇಲ್ಲ," ಎಂದಳು ಕಸ್ತೂರಿ, ರೊಟ್ಟಿ ಮುರಿಯುತ್ತ. ದೀಪ ಹಸಿರಾಗಿಯೇ ಇತ್ತು. ಸುಳ್ಳು ಸಣ್ಣ ದನಿಯಲ್ಲಿ ಹೇಳಿದರೆ ಆ ಡಬ್ಬಿಗೆ ಏನೂ ತೊಂದರೆಯಿಲ್ಲವೆಂದು ಆಕೆಗೆ ಅಂದೇ ಗೊತ್ತಾಯಿತು. ಮರುದಿನವೂ ಅದೇ ಸುಳ್ಳು, ಅದರ ಮರುದಿನವೂ. ತನ್ನ ಮೇಲೆ ತನಗೇ ಹೇಸಿಗೆಯಾಗುತ್ತಿತ್ತು.

ಶುಕ್ರವಾರ ಸಂಜೆಯಾಗುವ ಮೊದಲು ಹಸೀನಾ ಮತ್ತೆ ಫೋನು ಮಾಡಿದಳು. ಈ ಸಲ ಮಾತು ಕಡಿಮೆ. "ಇವತ್ತ ಬಂದ್ರ ಬರ್ರಿ, ವೈನಿ."

ನಾಗಲಿಂಗ ಕೇಂದ್ರದ ನಿಯಮದಂತೆ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದ. ಕಸ್ತೂರಿ ಎದುರಿಗೆ ನಿಂತು ಎಲ್ಲ ಹೇಳಿದಳು. ಅವನು ಕೂಗಲಿಲ್ಲ. ಕೂಗುವುದನ್ನು ಅವನಿಗೂ ಮರೆಸಿದ್ದರು.

"ನಿನಗ ಯಾವತ್ತ ಗೊತ್ತಾತು?"

"ಸೋಮವಾರ."

ಅವನು ಒದ್ದೆ ಕಾಲಿನಲ್ಲೇ ಎದ್ದು ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡ. ಆ ದಾರಿಯ ಸಂಜೆ ಬಸ್ಸು ರದ್ದಾಗಿರುವುದು ಕಸ್ತೂರಿಗೆ ಗೊತ್ತಿತ್ತು. ಉಳಿದದ್ದು ಅವರದೇ ಸಣ್ಣ ಕಾರು.

ಊರು ದಾಟುವವರೆಗೆ ನಾಗಲಿಂಗ ತಾಳಿಕೊಂಡ. ಬಯಲು ಬಂದ ಕೂಡಲೇ ಪೆಡಲನ್ನು ಒತ್ತಿದ. ಪೆಡಲು ವಾಪಸು ತಳ್ಳಿತು. ಇನ್ನೂ ಬಲವಾಗಿ ಒತ್ತಿದ. ಅದೂ ಅಷ್ಟೇ ಬಲವಾಗಿ ತಳ್ಳಿತು. ಅವಸರದಲ್ಲಿ ಕಾರು ಓಡಿಸುವ ಪ್ರಸಂಗವೇ ಇಷ್ಟು ವರ್ಷದಲ್ಲಿ ಅವನಿಗೆ ಬಂದಿರಲಿಲ್ಲ. ಪೆಡಲಿನ ಈ ತಳ್ಳಾಟ ಅವನಿಗೆ ಹೊಸದು. ಬೇರೆಯವರು ಬೈದುಕೊಳ್ಳುವುದನ್ನು ಮಾತ್ರ ಕೇಳಿದ್ದ.

"ಏನಾತು?" ಎಂದಳು ಕಸ್ತೂರಿ.

"ಹಿಡ್ಯಾಕತ್ತೈತಿ." ಅವನು ಸೀಟಿನಿಂದ ಅರ್ಧ ಎದ್ದು ಇಡೀ ಮೈಭಾರವನ್ನು ಕಾಲಿಗೆ ಹಾಕಿದ. ವೇಗದ ಮುಳ್ಳು ಒಂದು ಕೂದಲೆಳೆಯಷ್ಟೂ ಏರಲಿಲ್ಲ. "ಇದು ನಾನ ಅಲ್ಲೇನ ಕಸ್ತೂರಿ? ಇವತ್ತ ಮುಂಜಾನಿ ನಾನ ಒತ್ತಿದ ಕಾಲು. ಏನೂ ಗೊತ್ತಿಲ್ಲದ, ಚಹಾ ಕುಡದು ಆರಾಮ ಬಂದ ಕಾಲು!"

ಬೆಳಗ್ಗೆ ಅವನನ್ನು ಆರಾಮಾಗಿ ಕಳಿಸಿದ್ದು ಕಸ್ತೂರಿಯೇ. ಅವಲಕ್ಕಿ ಮಾಡಿಕೊಟ್ಟು, ನಕ್ಕು ಕಳಿಸಿದ್ದಳು. ಆ ನಗುವೇ ಈಗ ಪೆಡಲಿನ ಹಿಂದೆ ಕೂತು ಅವನ ಕಾಲನ್ನು ಹಿಂದಕ್ಕೆ ನೂಕುತ್ತಿತ್ತು.

ಮುಂದೆ ನೋಡಿದರೆ ಸಾಲಾಗಿ ಸಣ್ಣ ಕಾರುಗಳು, ಹಿಂದೆ ನೋಡಿದರೂ ಸಾಲೇ. ಎಲ್ಲದಕ್ಕೂ ಒಂದೇ ವೇಗ, ನಡುವೆ ಒಂದೇ ಅಂತರ. ಯಾರೂ ಯಾರನ್ನೂ ದಾಟುವಂತಿರಲಿಲ್ಲ. ಮೊದಲ ದಿಬ್ಬ ಬಂತು. ಮೇಲೆ ದುರ್ಗವ್ವನ ಗುಡಿ. ಸಾಲಿನ ಕಾರುಗಳು ಒಂದಾದ ಮೇಲೊಂದು ಕಾಲೆತ್ತಿ, ಮೆಲ್ಲಗೆ, ಗುಡಿಯ ಮುಂದೆ ಹಾದುಹೋದವು. ಇವರದೂ ಹಾಗೆಯೇ ಮೆಲ್ಲಗಾಯಿತು. ನಾಗಲಿಂಗ ಸ್ಟೇರಿಂಗಿಗೆ ಗುದ್ದಿದ.

"ಹೋಗಲೇ! ಹೋಗಲೇ ಮಗನ!" ಎಂದು ಅವನು ಬೈಯುತ್ತಿದ್ದುದು ತನ್ನನ್ನೇ.

ಇಳಿದು ಓಡೋಣವೆಂದರೆ ಓಡಿ ಮುಟ್ಟುವ ದಾರಿಯಲ್ಲ. ಲಾರಿಯಾದರೂ ಬಂದರೆ ಅಡ್ಡ ನಿಲ್ಲಿಸಲು ಕಸ್ತೂರಿ ಕಿಟಕಿಗೆ ಮುಖ ಒತ್ತಿಕೊಂಡು ಕೂತಳು. ಲಾರಿ ಬರಲಿಲ್ಲ. ಗಾಜು ಇಳಿಸೋಣವೆಂದರೆ ಅದೂ ಇಳಿಯದು. ಈ ವೇಗದಲ್ಲಿ ತೆರೆದ ಕಿಟಕಿ ಗಾಳಿಗೆ ಅಡ್ಡಿಯೆಂದು ಕೇಂದ್ರದವರು ಅದನ್ನೂ ಬಿಗಿದಿದ್ದರು. ಹೊಲಗಳಲ್ಲಿ ಬಿಸಿಲು ಇಳಿಯುತ್ತಿತ್ತು.

ಗಂಜಿಗಟ್ಟಿಗೆ ಮುಂಚಿನ ಕೊನೆಯ ಏರಿನ ನೆತ್ತಿಯಲ್ಲಿ ಹಸಿರು ಬಾವುಟದ ದರ್ಗಾ. ಮೀಸೆ ಮೂಡದ ವಯಸ್ಸಿನಲ್ಲಿ ನಾಗಲಿಂಗ ಮೊದಲ ಬಾರಿ ಕಾಲೆತ್ತಿದ್ದು ಅಲ್ಲಿಯೇ, ಪಕ್ಕದಲ್ಲಿ ಕೂತ ಇಮಾಮಸಾಬರು ಮೊಣಕಾಲಿಗೆ ತಟ್ಟಿದಾಗ. ಈಗ ಅವನು ಕಾಲೆತ್ತಲಿಲ್ಲ. ಎರಡೂ ಕಾಲು ಸೇರಿಸಿ ಒತ್ತಿ ಹಿಡಿದಿದ್ದ. ಕಾರೇ ತಾನಾಗಿ ನಿಧಾನವಾಯಿತು. ಉಸ್ತಾದರು ಕಲಿಸಿದಷ್ಟು ಹೊತ್ತು ನಿಧಾನವಾಗಿದ್ದು, ಆಮೇಲೆ ಇಳಿಯಿತು.

ಹಸೀನಾ ಬಾಗಿಲಲ್ಲೇ ನಿಂತಿದ್ದಳು. ತಲೆಯ ಮೇಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಈಗಷ್ಟ, ಅಣ್ಣಾ. ಸಂಜಿ ಮಗ್ರಿಬ್ ಆಜಾನ್ ಆಗೂತನಕ ಇದ್ರು. ಗಾಡಿ ಸಪ್ಪಳ ಆದಾಗೆಲ್ಲಾ ಬಾಗಲ ಕಡೆ ನೋಡ್ತಿದ್ರು."

ನಾಗಲಿಂಗ ಒಳಗೆ ಹೋಗಿ ಮುದುಕನ ಪಾದದ ಬಳಿ ಕೂತ. ಒಂದೇ ಮಾತಾಡಿದ. "ನನ್ನ ಕಾಲು ನನ್ನ ಬಿಟ್ಟಿದ್ರ ಸಿಗ್ತಿದ್ರು."

ಮರುದಿನ ಮುಂಜಾನೆ ಮಣ್ಣು ಮುಗಿಯುವುದಕ್ಕೂ ಕೇಂದ್ರದ ವಾಹನ ಊರ ಹೊರಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ನಾಗಲಿಂಗ ಕೈಗೆ ಹತ್ತಿದ ಮಣ್ಣನ್ನೂ ತೊಳೆಯದೆ ಅದರೊಳಗೆ ಹೋಗಿ ಕೂತ. ಕಸ್ತೂರಿ ಮನೆಗೆ ಬಂದು ಟಿವಿ ಹಚ್ಚಿಕೊಂಡು ಕೂತಳು. ಇವತ್ತು ರಾಜ್ಯ ಮುಗ್ಗರಿಸುತ್ತದೆ, ಪಂಪುಗಳು ಬರಿದಾಗುತ್ತವೆ, ಇನ್ನೊಬ್ಬ ಬಾಣಂತಿ ದಾರಿಯಲ್ಲಿ ಕೂರುತ್ತಾಳೆ ಎಂದು ಕೈ ಹಿಸುಕಿಕೊಳ್ಳುತ್ತಿದ್ದಳು. ಏನೂ ಆಗಲಿಲ್ಲ. ಮಧ್ಯಾಹ್ನ ಮಾರ್ಕೆಟ್ಟಿನಿಂದ ಕಾರಿನಲ್ಲಿ ಬಂದ ಸುಮಿತ್ರಾಬಾಯಿ ಮೆಟ್ಟಿಲಲ್ಲಿ ನಿಂತು ಹೇಳಿದಳು: "ಇವತ್ತ ಗಾಡಿ ಎಷ್ಟ್ ಸಾವಕಾಶ ಹೊಂಟಿತ್ತು ಗೊತ್ತೇನ್ರಿ? ಬ್ರಿಜ್ ಮ್ಯಾಲ ಹೋಗಾಗ ಸುಮ್ಮಸುಮ್ಮನ ಕಣ್ಣಾಗ ನೀರು ಬಂತು ನೋಡ್ರಿ. ಯಾಕಂತ ತಿಳೀಲಿಲ್ಲ."

ಸಂಜೆ ತೊರವಿ ಮೇಡಂ ಫೋನು ಮಾಡಿದರು. ಮೊದಲು ಸಂತಾಪ ಹೇಳಿದರು, ಅದು ನಿಜವಾದ ಸಂತಾಪವೇ ಆಗಿತ್ತು.

"ಕಸ್ತೂರಿಯವರ, ಹೆಂಗ ಹೇಳಬೇಕೋ ಗೊತ್ತಾಗವಲ್ದು. ಇವತ್ತಿನಂಥ ಮೈಲೇಜ್ ಇಷ್ಟು ವರ್ಷದಾಗ ಬಂದಿಲ್ರಿ. ಅವರ ಕಾಲಿಗೆ ಎಲ್ಲೂ ಮುಟ್ಟಬೇಕಂತ ಇಲ್ಲ. ಒತ್ತೂದೂ ಇಲ್ಲ, ಬ್ರೇಕ್ ಹಾಕೂದೂ ಇಲ್ಲ. ಗಾಡಿ ಹೊಂಟಷ್ಟು ಹೋಗಲಿ ಅಂತ ಬಿಟ್ಟಾರ. ಹಿಂಗ ಇದ್ರ ಹಡಗು ತಡಾ ಆದ್ರೂ ಮಂದಿ ಪಾರಾಗ್ತಾರ."

"ಅದಕ್ಕ?"

"ಇನ್ನ ಸ್ವಲ್ಪ ದಿನ ಹಿಂಗ ಇರಲಿ. ನಗಿಸಾಕ ಹೋಗಬ್ಯಾಡ್ರಿ. ಇಮಾಮಸಾಬ್ರದು ಒಂದು ಫೋಟೋ ದೊಡ್ಡದು ಮಾಡಿಸಿ ಕಳಸ್ತೀವಿ. ಊಟಕ್ಕ ಕೂಡೂ ಜಾಗಾದಾಗ ಹಾಕ್ರಿ."

ಕಸ್ತೂರಿ ಹೂಂ ಎಂದಳು. ನಾಲ್ಕು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಹೂಂ ಎಂದಿತು.

ಫೋಟೋ ಮರುದಿನವೇ ಬಂತು. ಒಳ್ಳೆಯ ಚೌಕಟ್ಟು, ಒಳ್ಳೆಯ ಗಾಜು. ಇಮಾಮಸಾಬರು ಹಳೇ ಅಂಬಾಸಿಡರಿಗೆ ಒರಗಿ ನಗುತ್ತಿದ್ದರು. ಕೇಂದ್ರದವನು ಮೊಳೆ ಸುತ್ತಿಗೆ ತಂದು ತಾನೇ ಬಡಿದು ಹೋದ. ನಾಗಲಿಂಗ ಅದರ ಎದುರಿಗೆ ಕೂತು ಉಂಡ. ಮರುದಿನವೂ ಉಂಡ. ಅವನ ಬಲಗಾಲು ಮೇಜಿನ ಕೆಳಗೆ ಯಾರೋ ಬಿಟ್ಟುಹೋದ ಚಪ್ಪಲಿಯಂತೆ ಬಿದ್ದಿರುತ್ತಿತ್ತು. ರಾಜ್ಯ ಸುಖವಾಗಿ ಓಡುತ್ತಿತ್ತು.

ಒಂದು ದಿನ ಕಸ್ತೂರಿ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ.

"ಹೆಂಗಾಗೈತಿ?"

"ಚಲೋ ಐತಿ," ಎಂದ ನಾಗಲಿಂಗ, ತಲೆಯೆತ್ತದೆ.

ಕಸ್ತೂರಿಗೆ ಭಯವಾಯಿತು. ಈ ಮನುಷ್ಯ ಇನ್ನು ಹೀಗೆಯೇ ಉಳಿದುಬಿಡುತ್ತಾನೆ. ಉಳಿಸಿಕೊಳ್ಳುತ್ತಾರೆ. ಅವನ ದುಃಖವನ್ನು ಒಣಗದಂತೆ ದಿನಾ ನೀರು ಹಾಕಿ ಕಾಪಾಡುತ್ತಾರೆ, ಅದಕ್ಕೆ ತಾನೇ ತೋಟದವಳು. ಹೊಸದುರ್ಗದ ಬಾಣಂತಿ ಕಣ್ಣ ಮುಂದೆ ಬಂದಳು. 'ತಪ್ಪಾಗೈತಿ ನನ್ನವ್ವಾ,' ಎಂದು ಮನಸ್ಸಿನಲ್ಲೇ ಆಕೆಗೆ ಕೈಮುಗಿದಳು ಕಸ್ತೂರಿ. 'ನಿನ್ನ ಗಾಡಿ ಓಡಾಕ ನನ್ನ ಗಂಡ ಸಾಯಬೇಕೇನ?' ಎದ್ದು ನಿಂತಳು. ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಹಿಂದಿನ ಬಾಗಿಲಿನವರೆಗೆ ಕೇಳುವಂತೆ ಟಿಕೆಟ್ ಕೂಗುತ್ತಿದ್ದ ಹಳೇ ದನಿಯನ್ನು ಗಂಟಲಿನಿಂದ ಎಳೆದು ತೆಗೆದಳು.

"ಗದಗಿಗೆ ಯಾಕ ಕರಕೊಂಡು ಹೋಗಲಿಲ್ಲ ನೀವು?"

ನಾಗಲಿಂಗ ಬೆಚ್ಚಿ ತಲೆಯೆತ್ತಿದ. ದೀಪ ಹಳದಿಯಾಯಿತು.

"ಏನು?"

"ನನ್ನ ತಂಗಿ ಮನಿ ಒಕ್ಕಲಾತು. ಹಾಲು ಉಕ್ಕಿಸೂದು ನಾ ನೋಡಲಿಲ್ಲ. ಮಾತು ಕೊಟ್ಟು ಮರತ್ರಿ. ಉಪ್ಪಿಲ್ಲದ ಸಾರು ಉಂಡು ಚಲೋ ಐತಿ ಅಂತೀರಿ. ನಾಲಿಗಿ ಐತೋ ಅದನ್ನೂ ಕೇಂದ್ರದವರಿಗೆ ಕೊಟ್ಟೀರೋ?"

"ಆ ಹಳೇ ಮಾತು ಈಗ್ಯಾಕ ತಗೀತಿ?" ಅವನ ದನಿ ಒಂದು ಮೆಟ್ಟಿಲು ಏರಿತು. ದೀಪ ಕೆಂಪಾಯಿತು. ಫೋನು ಹೊಡೆದುಕೊಳ್ಳತೊಡಗಿತು. "ಮಾತು ತಪ್ಪಿದ್ದು ನಾನೊಬ್ಬನೇನ? ನೀ ಏನ್ ಮಾಡಿದಿ?"

"ಏನ್ ಮಾಡೀನಿ? ಹೇಳ್ರಿ!"

"ಸೋಮವಾರದಿಂದ ಗೊತ್ತಿತ್ತು ನಿನಗ!" ನಾಗಲಿಂಗ ಎದ್ದು ನಿಂತ. ತಾಟು ಅಲುಗಾಡಿತು. "ದಿನಾ ಕೇಳಿದೆ ನಾ. ದಿನಾ! ಇಲ್ಲ, ಇಲ್ಲ ಅಂದಿ. ರೊಟ್ಟಿ ಮುರಕೋತ ಇಲ್ಲ ಅಂದಿ!"

ಅವನ ಬಲಗಾಲು ನೆಲಕ್ಕೆ ಒಂದೇಟು ಅಪ್ಪಳಿಸಿತು. ಗೋಡೆಯ ಫೋಟೋ ಮೊಳೆಯ ಮೇಲೆ ಓರೆಯಾಯಿತು. ಅವನ ಗಲ್ಲದ ಮೇಲೆ, ಇಷ್ಟು ದಿನದಲ್ಲಿ ಮೊದಲ ಸಲ, ನೀರು ಇಳಿಯಿತು.

"ಹೌದು, ಅಂದೆ," ಎಂದಳು ಕಸ್ತೂರಿ. ಆಕೆಯ ಕಣ್ಣಲ್ಲೂ ನೀರಿತ್ತು. ಹೊಡೆದುಕೊಳ್ಳುತ್ತಲೇ ಇದ್ದ ಫೋನನ್ನು ಬಿಸಿನೀರಿನ ಬಕೆಟ್ಟಿಗೆ ಎಸೆದಳು. "ಇನ್ನೂ ಜೋರಾಗಿ ಬೈರಿ. ನನಗ ಕೇಳಸವಲ್ದು."